ಬಿಸಿಲಿಗಿಟ್ಟ ಕಪ್ಪೆಚಿಪ್ಪು

ಮೇಷ್ಟ್ರ ಮನೆಯವರಾದ ಸುಮಿತ್ರಮ್ಮನವರೇ, ಮಗಳು ಪವಿತ್ರಾ, ವಾಗೀಶ ಮೇಷ್ಟ್ರ ಮೇಲಿನ ಪ್ರೀತಿಯಿಂದ ಬಂದು ಕೂತಿರುವ ಹಿರಿಯರೇ, ವಿದ್ಯಾರ್ಥಿಗಳೇ — ನಿಮಗೆಲ್ಲ ನಮಸ್ಕಾರ. ನಾನು ಬಿಂದು. ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಅವರ ಪಕ್ಕದ ಮೇಜು ನನ್ನದು. ಇವತ್ತು ಬೆಳಿಗ್ಗೆಯೂ ಅಭ್ಯಾಸಬಲದಿಂದ ಆ ಕಡೆ ತಿರುಗಿ ಮಾತಾಡಲು ಹೋದೆ. ಕುರ್ಚಿ ಖಾಲಿ ಇತ್ತು.

ಅವರನ್ನು ಎಲ್ಲರೂ ಕಪ್ಪೆಚಿಪ್ಪಿನ ಮೇಷ್ಟ್ರು ಅಂತಿದ್ದೆವು. ಬೇಜಾರೇನಿಲ್ಲ, ಅವರಿಗೆ ಖುಷಿಯೇ. ಕೆರೆಯ ನೀರು ತಿಳಿಯಾಗಿ ಕಂಡರೂ ಒಳಗೆ ವಿಷ ಸೇರಿದ್ದರೆ, ಕಪ್ಪೆಚಿಪ್ಪಿನೊಳಗಿನ ಜೀವಿ ತನ್ನನ್ನು ಉಳಿಸಿಕೊಳ್ಳಲು ಕೆಲವು ಪ್ರೋಟೀನುಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಅದನ್ನು ಅಳೆದರೆ ಕೆರೆಯ ಕಷ್ಟ ಗೊತ್ತಾಗುತ್ತದೆ. ಇದೇ ಅವರ ಕೆಲಸ.

ಮಾದನಕೆರೆಗೆ ಕೊಳಚೆ ಪೈಪು ಬಿಟ್ಟಿದ್ದಾರೆ ಅಂತ ಲೋಕೇಶ್ ಅವರ ಬಡಾವಣೆಯವರು ಹೋರಾಡುತ್ತಿದ್ದಾಗ, ಮೇಷ್ಟ್ರ ವರದಿಯೇ ಅವರಿಗೆ ಬಲ. ಪ್ರೋಟೀನು ವಿಪರೀತ ಏರಿತ್ತು. ಇನ್ನೇನು ಪೈಪು ಮುಚ್ಚಿಸುತ್ತಾರೆ ಅನ್ನುವಾಗ — ಮೇಷ್ಟ್ರಿಗೆ ಒಂದು ನೆನಪಾಯಿತು. ಕಪ್ಪೆಚಿಪ್ಪಿನ ಬಕೆಟ್ಟನ್ನು ಸ್ಕೂಟರಿನಲ್ಲಿ ತರುವಾಗ ಸರಸ್ವತಿಪುರಂನಲ್ಲಿ ದೋಸೆಗೆ ನಿಂತಿದ್ದರು. ಮೇಷ್ಟ್ರು ಒಳಗೆ ಫ್ಯಾನಿನ ಕೆಳಗೆ — ಬಕೆಟ್ಟು ಹೊರಗೆ ಏಪ್ರಿಲ್ ಬಿಸಿಲಿನಲ್ಲಿ. ಬಿಸಿ ತಾಗಿದರೂ ಅದೇ ಪ್ರೋಟೀನು ಏರುತ್ತದೆ.

ಸುಮ್ಮನಿದ್ದರೆ ನಡೆಯುತ್ತಿತ್ತು. ಇವರು ಸುಮ್ಮನಿರುವ ಆಸಾಮಿಯೇ? ಬಡಾವಣೆಯ ಸಭೆಗೆ ಹೋಗಿ ನಿಂತು, "ವರದಿ ವಾಪಸ್ ತಗೊಂಡಿದ್ದೀನಿ. ಕೆರೆ ಚೆನ್ನಾಗಿದೆ ಅಂತಲ್ಲ — ನನಗೆ ಗೊತ್ತಿಲ್ಲ ಅಂತ" ಅಂದರು. ಲೋಕೇಶ್ ಅವರಿಗೆ ಸಿಟ್ಟು ನೆತ್ತಿಗೇರಿತು. "ಪೈಪು ಬಿಟ್ಟೋರ ಕಡೆ ಸೇರ್ಕೊಂಡ್ಬುಟ್ರಾ ಮೇಷ್ಟ್ರೇ?" ಅಂತ ಎಲ್ಲರೆದುರೇ ಕೇಳಿಬಿಟ್ಟರು. ಆ ಮಾತು ಮೇಷ್ಟ್ರನ್ನು ಒಳಗೊಳಗೇ ಕೊರೆಯಿತು — ಪಕ್ಕದಲ್ಲೇ ಕೂತು ನೋಡಿದ್ದೇನೆ.

ಮತ್ತೆ ಮೊದಲಿನಿಂದ ಶುರು ಮಾಡಿದರು. ಬೆಳಗಿನ ತಂಪಿನಲ್ಲೇ ಹೋಗಿ ತಂದರು. ಕೊಳಚೆ ಸೇರದ ಇನ್ನೊಂದು ಕೆರೆಯಿಂದಲೂ ಹಾಗೇ ತಂದು ಹೋಲಿಸಿದರು. ಈ ಸಲವೂ ಮಾದನಕೆರೆಯದ್ದೇ ಹೆಚ್ಚು. ಈ ವರದಿಯಲ್ಲಿ ಯಾರಿಗೂ ಹುಳುಕು ಸಿಗಲಿಲ್ಲ. ಹೋದ ತಿಂಗಳು ಪೈಪು ಮುಚ್ಚಿತು. ಅಷ್ಟರಲ್ಲಿ ಮೇಷ್ಟ್ರು ಆಸ್ಪತ್ರೆ ಸೇರಿದ್ದರು. ನಾನು ಸುದ್ದಿ ಹೇಳಿದರೆ, ಲೋಕೇಶ್ ಏನಂದರು ಅಂತ ಕೇಳಿದರು.

ಲೋಕೇಶ್ ಅವರು ಇಲ್ಲೇ ಕೂತಿದ್ದಾರೆ. ಈಗಷ್ಟೇ ಬಾಗಿಲ ಹತ್ತಿರ ನನ್ನನ್ನು ತಡೆದು, "ಹೋಗಿ ಕ್ಷಮೆ ಕೇಳಬೇಕು ಅನ್ನುತ್ತಲೇ ದಿನ ದೂಡಿಬಿಟ್ಟೆ, ನಡೆದದ್ದನ್ನೆಲ್ಲ ಹೇಳಿ ನನ್ನ ಪರವಾಗಿ ನೀವೇ ಕೇಳಿಬಿಡಿ" ಅಂದರು. ನಡೆದದ್ದನ್ನು ಹೇಳಿದ್ದೇನೆ. ಆದರೆ ಆ ಒಂದು ಮಾತು — ಅದು ನಾನು ಆಡುವ ಮಾತಲ್ಲ, ಲೋಕೇಶ್ ಅವರೇ.

ದಯವಿಟ್ಟು ನೀವೇ ಮೊದಲು ಎದ್ದು ನಿಲ್ಲಿ. ನಾವೆಲ್ಲ ನಿಮ್ಮ ಜೊತೆ ಏಳುತ್ತೇವೆ. ಎರಡು ನಿಮಿಷ ಇಲ್ಲಿ ಯಾರೂ ಮಾತಾಡುವುದಿಲ್ಲ — ನೀವು ಅವರ ಹತ್ತಿರ ಮಾತಾಡಿ.