ಮೊದಲ ಸ್ನೋ, ಮೂರನೇ ಕೂಗು

ಇಡಾ, ಕರೀಬೇಡ. ಕೂತ್ಕೋ.

ಅವಳನ್ನ ನಾನೇ ಮೇಲೆ ಹೋಗಿ ಊಟಕ್ಕೆ ಕರ್ಕೊಂಡು ಬರ್ತೀನಿ, ಬಾಗಿಲು ತಟ್ಟಿ. ಈ ಮನೇಲಿ ಮೆಟ್ಟಿಲ ಕೆಳಗೆ ನಿಂತು 'ಶ್ರೀ, ಶ್ರೀ' ಅಂತ ಯಾರೂ ಕೂಗಲ್ಲ. ನೀನು ಎರಡು ಸಲ ಕೂಗಿಬಿಟ್ಟೆ, ಹೋಗ್ಲಿ. ಮೂರನೇ ಸಲಕ್ಕೆ ಬಾಯಿ ತೆಗೆದ್ಯಲ್ಲ... ಅದಕ್ಕೇ ಅಡುಗೆಮನೆಯಿಂದ ಓಡಿ ಬಂದೆ ಕಣೆ.

ನಗು, ನಗು. ಮನೆಗೆ ಹೋಗಿ ನಿನ್ನ ಗಂಡ ಮ್ಯಾಕ್ಸಿಮ್ ಹತ್ರ ಹೇಳು, ಪಕ್ಕದ ಮನೆ ನೀಲಕ್ಕಂಗೆ ತಲೆ ಕೆಟ್ಟಿದೆ ಅಂತ. ಆದ್ರೆ ಗುರು ಎಲ್ಲಿ, ಕಾರಿಲ್ವಲ್ಲ ಅಂತ ಬಂದ ತಕ್ಷಣ ಕೇಳಿದ್ಯಲ್ಲ, ಅದಕ್ಕೆ ಹೇಳ್ತೀನಿ. ಸ್ವಲ್ಪ ಹತ್ರ ಬಾ. ಗುರು ಹೆಂಡತಿ ಅಹಲ್ಯಾ ನೈಟ್ ಶಿಫ್ಟಿಗೆ ಹೋಗಿದಾಳೆ, ಆದ್ರೆ ಮೇಲಿರೋಳ ಕಿವಿ ಚುರುಕು.

ಗುರುದತ್ತ ನನ್ನ ಚಿಕ್ಕಮ್ಮನ ಮಗ. ನಾಲ್ಕು ವರ್ಷದ ಹಿಂದೆ, ಅಂದ್ರೆ 2005ರಲ್ಲಿ, ಅವರೆಲ್ಲ ಮೆಲ್ಬರ್ನಲ್ಲಿದ್ರು, ಕ್ರಾನ್‌ಬರ್ನಲ್ಲಿ. ನಾನು ಗ್ಲೆನ್ ವೇವರ್ಲಿಲಿ. ಮಗಳು ಶ್ರೀಲಕ್ಷ್ಮಿಗೆ ಆಗ ಆರು ವರ್ಷ. ಕನ್ನಡ ಎಲ್ಲಾ ಅರ್ಥ ಆಗೋದು, ಬಾಯಿಂದ ಬರೋದು ಮಾತ್ರ ಇಂಗ್ಲಿಷು. 'ಶ್ರೀ' ಅಂತ ಕರೆದ್ರೆ 'ವಾಟ್?' ಅನ್ನೋದು, ಕತ್ತೆ ತಂದು. ನಮ್ಮ ಮನೆಗಳಲ್ಲಿ ಯಾರಾದ್ರೂ ಕರೆದ್ರೆ 'ಓ' ಅನ್ನಬೇಕು ತಾನೇ? ನನ್ನ ಮಗಳ ಬಾಯಲ್ಲಿ ಒಂದು ಓ ಕೇಳ್ಲಿಲ್ಲ ಅಕ್ಕಾ ಅಂತ ಗುರು ನನ್ನ ಹತ್ರ ಎಷ್ಟು ಸಲ ಕೊರಗಿದಾನೋ.

ಆ ವರ್ಷ ಚಿಕ್ಕಮ್ಮ ಮೈಸೂರಿಂದ ವಿಸಿಟರ್ ವೀಸಾದಲ್ಲಿ ಬಂದು ಆರು ತಿಂಗಳಿದ್ಲು. ಮೊಮ್ಮಗಳ ರೂಮಲ್ಲೇ ಮಲಗೋಳು. ದಿನಾ ರಾತ್ರಿ ಕತೆ... ಅದೂ ಎಂಥ ಕತೆ! ಬರೀ ದೆವ್ವದ್ದು. ಆ ಕತೆಗಳ ಜೊತೆ ಒಂದು ಕಟ್ಟಪ್ಪಣೆ. "ಕತ್ತಲಾದ ಮೇಲೆ ಯಾರಾದ್ರೂ ಹೆಸರು ಹಿಡಿದು ಕರೆದ್ರೆ ಓಗೊಡಬೇಡ ಮಗಾ. ಅದಕ್ಕೆ ಎರಡು ಸಲಕ್ಕಿಂತ ಹೆಚ್ಚು ಕರೆಯೋಕೆ ಬರಲ್ಲ. ಮೂರು ಸಲ ಕರೆದ್ರೆ ಮಾತ್ರ ನಮ್ಮವರು ಅಂತ ತಿಳ್ಕೋ." ನಂಗೂ ಹೇಳಿಕೊಟ್ಟಿದ್ಲು, ಗುರುಗೂ ಹೇಳಿಕೊಟ್ಟಿದ್ಲು. ನಿಮ್ಮ ಮಂಗಳೂರು ಕಡೆನೂ ಇದೆಯಲ್ಲ ಇದು? ಹಾಂ.

ಮೇ ತಿಂಗಳಲ್ಲಿ ಚಿಕ್ಕಮ್ಮ ವಾಪಸ್ ಹೋದ್ಲು. ಜೂನಲ್ಲಿ, ಚಳಿಗಾಲ ಶುರುವಾದ ಕೂಡ್ಲೇ, ಮೊದಲ ಸ್ನೋ ಬಿತ್ತು.

ಕ್ವೀನ್ಸ್ ಬರ್ತ್‌ಡೇ ಸೋಮವಾರ. ರಜಾ. ಡೊನ್ನಾ ಬುವಾಂಗ್ ಬೆಟ್ಟದ ಮೇಲೆ ಬಿದ್ದಿದೆಯಂತೆ ಅಂತ ಟೀವೀಲಿ ಬಂದಿದ್ದೇ ತಡ, ಹೊರಟ್ರು. ಗುರು ಹೇಗೆ ಗೊತ್ತಲ್ಲ, ಮಾತ್ರೆ ಡಬ್ಬಿ ಒಳಗಿನ ಚೀಟೀನೂ ಓದೋ ಮನುಷ್ಯ. ಲೈಬ್ರರಿಯಿಂದ ಸ್ನೋ ಬಗ್ಗೆ ಒಂದು ಪುಸ್ತಕ ತಂದು ದಾರಿ ಉದ್ದಕ್ಕೂ ಮಗಳಿಗೆ ಪಾಠ. ಸ್ನೋ ಬಿಳಿ ಅಲ್ಲ ಪುಟ್ಟಿ, ಗಾಜಿನ ಥರ, ಬೆಳಕು ಚೆದುರಿ ಬಿಳಿ ಕಾಣುತ್ತೆ. ಒಂದೊಂದು ಹರಳಿಗೂ ಆರು ಮೂಲೆ. ಬಾಯಾರಿಕೆ ಅಂತ ತಿನ್ನಬಾರದು, ಮೈ ಬಿಸಿ ಎಲ್ಲ ಅದನ್ನ ಕರಗಿಸೋಕೇ ಹೋಗಿಬಿಡುತ್ತೆ. ಹೊಸದಾಗಿ ಬಿದ್ದ ಸ್ನೋ ಒಳಗೆ ಬರೀ ಗಾಳಿ, ಅದಕ್ಕೆ ಸದ್ದನ್ನೆಲ್ಲ ಕುಡಿದುಬಿಡುತ್ತೆ. ಇಷ್ಟು ಕೋಟ್ಯಂತರ ಬೀಳುತ್ತಲ್ಲ, ಒಂದರ ಥರ ಇನ್ನೊಂದು ಇರಲ್ಲ.

"ಹೂ ಚೆಕ್ಡ್?" ಅಂತ ಕೇಳ್ತಂತೆ ಮಗು.

ಗುರು ನಕ್ಕ. ಆ ಮಾತು ಹೇಳಿದಾಗೆಲ್ಲ ಈಗ ಎದ್ದು ಹೊರಗೆ ಹೋಗಿಬಿಡ್ತಾನೆ.

ಆಡಿದ್ರು, ಜಾರಿದ್ರು, ಫೋಟೋ ತೆಗೆದ್ರು. ನಾಲ್ಕೂವರೆಗೆ ಮತ್ತೆ ಸ್ನೋ ಶುರುವಾಯ್ತು. ಜೂನಲ್ಲಿ ಐದಕ್ಕೆಲ್ಲ ಕತ್ತಲು. ಜನ ಇಳಿಯೋಕೆ ಶುರು ಮಾಡಿದ್ರು. ಕಾರ್ ಸ್ವಲ್ಪ ಕೆಳಗಿತ್ತು, ರಸ್ತೆ ಬದೀಲಿ. ಅಲ್ಲಿಗೆ ನಡ್ಕೊಂಡು ಬರೋ ದಾರೀಲಿ ಒಂದು ಭಾರೀ ಮರ. ಬುಡ ನಮ್ಮ ಊರಿನ ಆಲದ ಮರದಷ್ಟು ದಪ್ಪ. ಅಹಲ್ಯಾ ಮುಂದೆ ಹೋಗಿ ಕಾರಲ್ಲಿ ಹೀಟರ್ ಹಾಕ್ತಿದ್ಲು. ಮರದ ಹತ್ರ ಗುರು ಬಗ್ಗಿ ಬೂಟಿನ ದಾರ ಕಟ್ಟಿದ. ತಲೆ ಎತ್ತಿದ...

ಮಗು ಇಲ್ಲ.

ಎರಡು ನಿಮಿಷ ಕೂಡ ಅಲ್ಲ ಇಡಾ. ಒಂದು ಬೂಟು. ಅಷ್ಟೇ.

ಮೊದಲು ಆಟ ಅಂದ್ಕೊಂಡ. ಮರ ಸುತ್ತಿದ. ಆಮೇಲೆ ಓಡಿದ. ಆಮೇಲೆ ಕೂಗಿದ, ಗಂಟಲು ಹರಿಯೋ ಹಾಗೆ. ಐದೂಕಾಲಿಗೆ ಕಳೆದುಹೋದವರನ್ನ ಹುಡುಕೋ ತಂಡದವರು, ಹಳದಿ ಕೋಟಿನವರು ನಾಲ್ಕು ಜನ ಟಾರ್ಚ್ ಹಿಡ್ಕೊಂಡು ಬಂದ್ರು. ಒಬ್ಬರು ಅಹಲ್ಯಾನ ಕಾರ್ ಹತ್ರ ಹಿಡಿದು ಕೂರಿಸಿದ್ರು, ಅವಳು ಬರಿಗೈಲಿ ಸ್ನೋ ಕೆದಕ್ತಿದ್ಲಂತೆ. ಹಳದಿ ಕೋಟಿನವರಲ್ಲಿ ಒಬ್ಬ ಮುದುಕ ಗುರು ಜೊತೆ ಬಂದ, ಇನ್ನಿಬ್ಬರು ಬೆಟ್ಟದ ಪಶ್ಚಿಮಕ್ಕೆ ಹೋದ್ರು. ಮುದುಕ ಒಂದೇ ಮಾತು ಹೇಳಿದ. "ಒಂದು ಸಲ ಕೂಗು. ಆಮೇಲೆ ಒಂದು ನಿಮಿಷ ಪೂರ್ತಿ ಸುಮ್ಮನಿರು, ಕೇಳಿಸ್ಕೋ. ಆಮೇಲೆ ಮುಂದಕ್ಕೆ ಹೆಜ್ಜೆ ಇಡು." ಅವರು ಹುಡುಕೋ ಪದ್ಧತಿನೇ ಅದು. ಸತತ ಕೂಗ್ತಿದ್ರೆ ಆ ಕಡೆಯಿಂದ ಬರೋ ದನಿ ಕೇಳಿಸಲ್ಲ.

ಸರಿ. ಗುರು ಒಂದು ಸಲ ಕೂಗ್ತಾನೆ. "ಶ್ರೀ..."

ಕೂಗಿದ್ದು ಅಲ್ಲೇ ಸತ್ತುಹೋಗುತ್ತೆ. ಸ್ನೋ ಕುಡಿದುಬಿಡುತ್ತೆ. ಒಂದು ನಿಮಿಷ. ಕೊಂಬೆಯಿಂದ ಸ್ನೋ ಜಾರಿ ಧಪ್ ಅಂತ ಬೀಳೋದು. ಮುದುಕನ ವಾಕಿಟಾಕಿ ಖರ್ ಅನ್ನೋದು. ಮುಂದಕ್ಕೆ ಇಪ್ಪತ್ತು ಹೆಜ್ಜೆ, ಕರಕ್, ಕರಕ್. ಮತ್ತೆ ಒಂದು ಸಲ. "ಶ್ರೀ..." ಏನಿಲ್ಲ. ಹೀಗೇ ಒಂದು ಗಂಟೆ. ಎರಡು ಗಂಟೆ. ಬೆರಳು ಮರಗಟ್ಟಿ ಟಾರ್ಚ್ ಬಿದ್ದುಹೋದ್ರೂ ಗೊತ್ತಾಗ್ಲಿಲ್ಲ, ಮುದುಕನೇ ಎತ್ತಿ ಕೊಟ್ಟ ಅಂತಾನೆ. ದೇವರೇ, ನನ್ನ ಎತ್ಕೋ, ಅವಳನ್ನ ಕೊಡು... ಅದೊಂದೇ ಬಾಯಲ್ಲಿ.

ಏಳೂವರೆ ಹೊತ್ತಿಗೆ, ಸುತ್ತಿ ಸುತ್ತಿ ಮತ್ತೆ ಆ ಮರದ ಹತ್ರ ಬಂದಾಗ, ಗುರುಗೆ ಥಟ್ ಅಂತ ಹೊಳೀತು. ಕತ್ತಲಾಗಿದೆ. ನಾನು ಒಂದೊಂದೇ ಸಲ ಕರೀತಿದೀನಿ. ಅಮ್ಮ ಅವಳಿಗೆ ಏನು ಹೇಳಿಕೊಟ್ಟಿದಾಳೆ?

ಮಗು ಇಲ್ಲೇ ಎಲ್ಲೋ ಕೇಳಿಸ್ಕೊಂಡು ಕೂತಿದೆ. ಅಪ್ಪ ಅಲ್ಲ, ಅದು ದೆವ್ವ, ಅಂದ್ಕೊಂಡು ಉಸಿರು ಬಿಗಿ ಹಿಡ್ಕೊಂಡು ಕೂತಿದೆ.

ಅಲ್ಲೇ ಮಂಡಿಯೂರಿ ಅತ್ತುಬಿಟ್ಟನಂತೆ. ಮುದುಕ ತೋಳು ಹಿಡಿದು ಎಬ್ಬಿಸೋಕೆ ಬಂದ. ಗುರು ಕೊಡವಿಕೊಂಡು ಎದ್ದು ನಿಂತ. ಒಂದೇ ಜಾಗದಲ್ಲಿ ನಿಂತು ಕೂಗಿದ.

"ಶ್ರೀ..."

"ಶ್ರೀ..."

"ಶ್ರೀ..."

ಒಂದು ಕ್ಷಣ. ಆಮೇಲೆ... ಎಡಗಡೆ, ಕೆಳಗೆ, ತುಂಬಾ ಸಣ್ಣದಾಗಿ...

"ಓ..."

ಓಡಿದ ಕಣೆ. ಬಿದ್ದ, ಎದ್ದ, ಓಡಿದ. ಮತ್ತೆ "ಓ..." ಚಳಿಗೆ ನಡುಗೋ ಮಗುವಿನ ದನಿ. ಇನ್ನೂ ಕೆಳಗೆ. ನಲವತ್ತು ಹೆಜ್ಜೆ ಇಳಿದಿರಬೇಕು. ಅಲ್ಲಿ ಒಂದು ಯೋಚನೆ ಬಂದು ಅವನ ಕಾಲು ಕಟ್ಟಿಹಾಕ್ತು.

ನನ್ನ ಮಗಳು ಹುಟ್ಟಿದಾಗಿಂದ ಯಾವತ್ತೂ ಓ ಅಂದಿಲ್ಲ.

ನಿಂತ. ಮುಂದೆ ಟಾರ್ಚ್ ಬಿಟ್ಟ. ನೆಲ ಕಾಣ್ತಿಲ್ಲ, ಬರೀ ಬಿಳಿ, ಅದರಾಚೆ ಕಪ್ಪು. ಪ್ರಪಾತವೋ ಏನೋ, ಯಾರಿಗೆ ಗೊತ್ತು. ಆಗ ಹಿಂದಿನಿಂದ, ಮೇಲಿಂದ, ಆ ದಪ್ಪ ಮರದ ಕಡೆಯಿಂದ...

"ವಾಟ್?"

ಅದೇ ಸಿಡುಕು. ಅದೇ ದನಿ. ಮುದುಕ ಆಗಲೇ ಆ ಕಡೆ ಓಡ್ತಿದ್ದ. ಗುರು ತಿರುಗಿ ಹತ್ತಿದ. ಬಾಗಿದ ಕೊಂಬೆ ಅಡಿ, ಸ್ನೋ ಮುಚ್ಚಿದ ಒಂದು ಪೊಟರೆ ಥರದ್ದರೊಳಗೆ ಕೂತಿದ್ಲು. ಅದೇ ಕೆಂಪು ಜಾಕೆಟ್. ಅದೇ ಮುಖ, ಗಲ್ಲದ ಮೇಲಿನ ಮಚ್ಚೆ ಸಮೇತ. ಕೈ ಮುಟ್ಟಿದ, ಬೆಚ್ಚಗಿತ್ತು. ಸ್ನೋ ಒಳಗಡೆ ಹೊರಗಿನಷ್ಟು ಚಳಿ ಇರಲ್ಲ, ಕಂಬಳಿ ಹೊದ್ದ ಹಾಗೆ, ಅದಕ್ಕೆ ಉಳಿದ್ಲು ಅಂತ ಆಮೇಲೆ ಆಂಬುಲೆನ್ಸಿನವರು ಹೇಳಿದ್ರು. ಇರಬಹುದು. ಪುಸ್ತಕದಲ್ಲೂ ಹಾಗೇ ಇತ್ತು. ಆದ್ರೆ ಆ ಮರವನ್ನ ಅವನು ಮೂರು ಸಲ ಸುತ್ತಿ ನೋಡಿದ್ದ.

"ಯಾಕೆ ಪುಟ್ಟಿ, ಇಷ್ಟು ಹೊತ್ತು ಯಾಕೆ ಮಾತಾಡ್ಲಿಲ್ಲ?" ಅಂತ ಅಪ್ಪಿಕೊಂಡು ಕೇಳಿದ.

"ಯು ಕಾಲ್ಡ್ ಓನ್ಲಿ ಒನ್ಸ್, ಅಪ್ಪಾ."

ಹೆಗಲ ಮೇಲೆ ಹಾಕ್ಕೊಂಡು ಇಳಿದ. ಹತ್ತು ಹೆಜ್ಜೆ ಇಟ್ಟಿರಬಹುದು. ಹಿಂದೆ, ಆ ಕಪ್ಪಿನ ಕಡೆಯಿಂದ...

"ಓ..."

ಗುರು ನಿಲ್ಲಲಿಲ್ಲ.

"ಓ... ಓ..."

ಅಳು ಬೆರೆತಿತ್ತು ಅಂತಾನೆ. ಕರೆದ್ರಲ್ಲ, ಓ ಅಂದೆನಲ್ಲ, ಯಾಕೆ ಬರ್ತಿಲ್ಲ, ಅನ್ನೋ ಹಾಗೆ. ಹೆಗಲ ಮೇಲಿನ ಮಗು ಅವನ ಕುತ್ತಿಗೆ ಬಿಗಿಯಾಗಿ ಹಿಡ್ಕೊಂಡು, "ಲೆಟ್ಸ್ ಗೋ ಹೋಮ್" ಅಂತು. ಅವನು ನಡೆದ. ಆ ದನಿ ಸಣ್ಣಗಾಗ್ತಾ ಹೋಯ್ತು. ಸ್ನೋ ಅದನ್ನೂ ಕುಡೀತು.

ತಾಳು, ಇನ್ನೂ ಇದೆ. ಕೆಳಗೆ ಬಂದಾಗ ಮುದುಕ ವಾಕಿಟಾಕೀಲಿ ಮಗು ಸಿಕ್ತು ಅಂತ ಹೇಳಿದ. ಆ ಕಡೆಯಿಂದ ಪಶ್ಚಿಮಕ್ಕೆ ಹೋದವರು ಕೇಳಿದ್ರು. "ಕಳೆದಿದ್ದು ಎಷ್ಟು ಮಕ್ಕಳು?" ಅವರಿಗೂ ಕೆಳಗಡೆಯಿಂದ ಒಂದು ಮಗುವಿನ ದನಿ ಕೇಳಿಸಿದೆ. ಮುದುಕ ಗುರು ಮುಖ ನೋಡಿದ. ಗುರು ಅಂದ, "ಒಬ್ಬಳೇ." ಆದ್ರೂ ಅವರು ಬೆಳಗಿನವರೆಗೆ ಹುಡುಕಿದ್ರು. ಏನೂ ಸಿಗಲಿಲ್ಲ. ಆ ರಾತ್ರಿ ನಾನೇ ಮಗು ಜೊತೆ ಆಸ್ಪತ್ರೇಲಿ ಇದ್ದೆ, ಆ ಮುದುಕ ಬಂದು ಹೇಳಿದ್ದನ್ನ ಈ ಕಿವೀಲೇ ಕೇಳಿದೀನಿ.

ಮೂರು ವಾರ ಆಯ್ತು. ಎಲ್ಲಾ ಸರಿಯಾಗಿತ್ತು. ಮಗು ಸ್ಕೂಲಿಗೆ ಹೋಗೋದು, ತಿನ್ನೋದು, ಆಡೋದು. ಒಂದು ಭಾನುವಾರ ಚಿಕ್ಕಮ್ಮನ ಫೋನ್ ಬಂತು. ಪ್ರತಿ ಭಾನುವಾರ ಮಾಡೋಳು, ಹಿಂದಿನ ಎರಡು ವಾರ ಮಾತ್ರ ಲೈನ್ ಸಿಕ್ಕಿರಲಿಲ್ಲ. ಗುರುಗೆ ಭಾನುವಾರ ಆಫೀಸಲ್ಲಿ ಡ್ಯೂಟಿ, ಮನೇಲಿ ಇರ್ತಿರಲಿಲ್ಲ. ಅವತ್ತು ಇದ್ದ. ನಾನೂ ಇದ್ದೆ. ಅಹಲ್ಯಾ ಒಗ್ಗರಣೆ ಹಾಕ್ತಿದ್ಲು. ಗುರು ಸ್ಪೀಕರ್ ಹಾಕಿ ಮಗು ಮುಂದೆ ಇಟ್ಟ.

ಚಿಕ್ಕಮ್ಮ ಕರೆದ್ಲು. "ಶ್ರೀ..."

ಮಗು ಬಣ್ಣದ ಪೆನ್ಸಿಲ್ ಹಿಡ್ಕೊಂಡು ಫೋನ್ ನೋಡ್ತು.

"ಶ್ರೀ..."

"ಶ್ರೀ..."

ಸುಮ್ಮನೆ. ಒಗ್ಗರಣೆ ಚಟಪಟ ಅನ್ನೋದು ಬಿಟ್ಟರೆ ಏನಿಲ್ಲ. ಆಮೇಲೆ ಮಗು, "ಹಾಯ್ ಅಜ್ಜಿ" ಅಂತು.

ಚಿಕ್ಕಮ್ಮ ಮೆಲ್ಲಗೆ ಕೇಳಿದ್ಲು.

"ಗುರು... ಇದು ಯಾರ ಮಗು ಕೈಗೆ ಫೋನ್ ಕೊಟ್ಟಿದೀಯೋ?"

"ನಿನ್ನ ಮೊಮ್ಮಗಳೇ ಅಮ್ಮ. ಇನ್ಯಾರು?"

"ನನ್ನ ಮೊಮ್ಮಗಳು ಮೂರನೇ ಸಲಕ್ಕೆ ಓ ಅಂತಾಳೆ ಕಣೋ. ಅದು ನಮ್ಮಿಬ್ಬರ ಆಟ. ಅಲ್ಲಿದ್ದಾಗ ದಿನಾ ರಾತ್ರಿ ಅಂತಿದ್ಲು. ಇಲ್ಲಿಗೆ ಬಂದ ಮೇಲೆ ಭಾನುವಾರ ಭಾನುವಾರ ಅಂತಿದ್ಲು. ನೀನು ಡ್ಯೂಟೀಲಿ ಇರ್ತೀಯ, ನಿನಗೇನು ಗೊತ್ತು."

ಗುರು ಮುಖ ನಾನು ನೋಡಿದೆ ಇಡಾ. ಮತ್ತೆ ನೋಡಬಾರದು ಅಂಥ ಮುಖ. ಅಡುಗೆಮನೆಯಿಂದ ಅಹಲ್ಯಾ ಸೌಟು ಹಿಡ್ಕೊಂಡು ಬಂದು, "ಹೌದು, ಅಂತಿದ್ಲು. ನಿಮಗೆ ಗೊತ್ತಿರಲಿಲ್ವಾ?" ಅಂದ್ಲು. ಅವಳಿಗೆ ಬೆಟ್ಟದ ಮೇಲೆ ಕೇಳಿಸಿದ ಆ 'ಓ' ವಿಷಯ ಗುರು ಅಲ್ಲಿವರೆಗೂ ಹೇಳಿರಲಿಲ್ಲ.

ಆ ವರ್ಷವೇ ಮನೆ ಖಾಲಿ ಮಾಡಿ ಸಿಡ್ನಿಗೆ ಬಂದ್ರು. ಇಲ್ಲಿ ರೌಸ್ ಹಿಲ್ಲಲ್ಲಿ ಸ್ನೋ ಬೀಳಲ್ಲ, ಅದಕ್ಕೆ. ಒಂದು ವರ್ಷ ಆದ ಮೇಲೆ ನಾನೂ ಇವರ ಮನೆಗೇ ಬಂದೆ. ಅಹಲ್ಯಾ ಒಪ್ಪಲ್ಲ. "ಹೆತ್ತವಳು ನಾನು, ನಂಗೆ ಗೊತ್ತಾಗಲ್ವಾ?" ಅಂತಾಳೆ. ಆದ್ರೆ ಅವಳೂ ಮೂರು ಸಲ ಕರೆಯಲ್ಲ, ಗಮನಿಸು. ಮಗು ಒಳ್ಳೇದು. ಜಾಣೆ. ನನ್ನ ತಲೆಗೆ ಎಣ್ಣೆ ಹಚ್ಚುತ್ತೆ. ನಂಗೆ ಅದರ ಮೇಲೆ ಪ್ರಾಣ. ಏನಂತ ಹೇಳಲಿ, ಹೇಳು?

ಇವತ್ತು ಬೆಳಿಗ್ಗೆ ಟೀವೀಲಿ ಹೇಳಿದ್ರು, ಡೊನ್ನಾ ಬುವಾಂಗಲ್ಲಿ ಈ ವರ್ಷದ ಮೊದಲ ಸ್ನೋ ಬಿತ್ತು ಅಂತ. ಗುರು ಕಾಫಿ ಕೂಡ ಪೂರ್ತಿ ಕುಡೀಲಿಲ್ಲ, ಎದ್ದ. ಪ್ರತಿ ವರ್ಷ ಹೀಗೇ. ಹನ್ನೊಂದು ಗಂಟೆ ಡ್ರೈವ್, ಒಬ್ಬನೇ. ಕತ್ತಲಾದ ಮೇಲೆ ಆ ಮರದ ಹತ್ರ ನಿಂತು ಮೂರು ಸಲ ಕರೀತಾನಂತೆ. ಏನಾದ್ರೂ ಕೇಳಿಸುತ್ತಾ ಅಂತ ನಾನು ಕೇಳಿಲ್ಲ, ಅವನೂ ಹೇಳಿಲ್ಲ.

ನೀನು ನಂಬು, ಬಿಡು. ನಂಗೆ ಏನೂ ಆಗಬೇಕಾಗಿಲ್ಲ. ಕಾರಿಗೆ ಫ್ಲಾಸ್ಕ್, ಟಾರ್ಚ್ ಎಲ್ಲ ನಾನೇ ಇಟ್ಟೆ. ಕೊನೆಗೆ ಒಂದು ಹೊಸ ಜಾಕೆಟ್ ತಂದು ಕೈಗೆ ಕೊಟ್ಟ. ಕೆಂಪಂದು. ಪ್ರತಿ ವರ್ಷ ಒಂದು ತರ್ತಾನೆ, ಬರುವಾಗ ಇರಲ್ಲ. "ಶ್ರೀಗೆ ಹತ್ತು ವರ್ಷ ಆಯ್ತಲ್ಲೋ, ಇದು ಎಲ್ಲಿ ಹಿಡಿಯುತ್ತೆ?" ಅಂದೆ. ಬಾಯಿ ತಪ್ಪಿ ಬಂತು.

ಮೇಲಿನ ರೂಮಿನ ಕಿಟಕಿ ನೋಡಿದ. ಆಮೇಲೆ ಮೆತ್ತಗೆ ಹೇಳಿದ, "ಟ್ಯಾಗ್ ಕತ್ತರಿಸಿ ಕೊಡು ಅಕ್ಕಾ. ಅವಳ ಕತ್ತಿಗೆ ಚುಚ್ಚುತ್ತೆ."

ತಗೋ, ಸ್ವೆಟರ್ ಜೇಬಲ್ಲೇ ಇದೆ ಆ ಟ್ಯಾಗು. ಬಿಸಾಕೋಕೆ ಮನಸ್ಸು ಬರಲಿಲ್ಲ. ಓದು, ಏನು ಬರೆದಿದೆ ನೋಡು. ಸೈಜ್ ಆರು.