ಒಂಬತ್ತು ಚೀಟಿ, ಒಂದೇ ಕೈಬರಹ

...ಇಲ್ಲ ಸ್ವರ್ಣಕ್ಕ, ನೆಪ ಅಲ್ಲ ಇದು. ನಾಳೆ ಭಾನುವಾರ ಚರ್ಚಲ್ಲಿ ಆರಾಧನೆ ಮುಗಿದ ಮೇಲೆ ನಾನು ರಿಪೋರ್ಟ್ ಓದಲೇಬೇಕು. ಕುಣಿಗಲ್‌ಗೆ ನೀನೂ ಭಾವನೂ ಹೋಗಿಬನ್ನಿ. ಹುಡುಗಿನ ನೀವೇ ನೋಡಿ. ಯಾಕೆ ನಗ್ತೀಯ? ...ಮದುವೆ ಆಗೋದು ಭಾವ ಅಲ್ಲ ಅಂತ ನಂಗೂ ಗೊತ್ತು.

ಸರಿ, ಏನು ರಿಪೋರ್ಟ್ ಅಂತ ಹೇಳ್ತೀನಿ. ಅವರೆ ಹಿತುಕ್ತಾನೇ ಕೇಳು, ಅಮ್ಮ ಬರೋದ್ರೊಳಗೆ ಮುಗೀಬೇಕಲ್ಲ. ನಮ್ಮ ಸಭೆಯ ಪುಸ್ತಕದ ಬೀರುಗೆ ಎರಡು ಪುಸ್ತಕ ಬಂದಿದೆ. ಎರಡೂ ಒಂದೇ ವಿಷಯದ್ದು. ಮಗ ಇನ್ನೊಬ್ಬ ಹುಡುಗನ್ನ ಇಷ್ಟಪಡ್ತಾನೆ, ಮಗಳು ಇನ್ನೊಬ್ಬ ಹುಡುಗಿನ... ಅಂತ ಗೊತ್ತಾದ್ರೆ ಕ್ರೈಸ್ತ ಮನೆಯವರು ಏನು ಮಾಡಬೇಕು. ...ಹೂಂ, ಸಲಿಂಗಪ್ರೇಮ. ಮೆಲ್ಲಗೆ ಯಾಕೆ ಹೇಳಬೇಕು, ಮುಖಪುಟದ ಮೇಲೇ ಅಚ್ಚು ಹಾಕಿದಾರೆ. ನೀಲಿ ರಟ್ಟಿನದು ಉಪವಾಸ ಮಾಡಿ, ಪ್ರಾರ್ಥನೆ ಮಾಡಿ, ಮದುವೆ ಮಾಡಿ ಅನ್ನುತ್ತೆ. ಕಂದು ರಟ್ಟಿನದು, ಮೊದಲು ಮಗು ಹೇಳೋದನ್ನ ಕೂತು ಕೇಳಿ, ಮನೆಯಿಂದ ಆಚೆ ಹಾಕಬೇಡಿ ಅನ್ನುತ್ತೆ. ಯಾವುದನ್ನ ಬೀರಲ್ಲಿ ಉಳಿಸೋದು ಅಂತ ಕಮಿಟಿಯಲ್ಲಿ ಜಗಳ. ಪಾದ್ರಿ ಅಯ್ನೋರು ಅಂದ್ರು, ಓದಿದೋರೆಲ್ಲ ಅಭಿಪ್ರಾಯ ಬರೆದು ಡಬ್ಬಿಗೆ ಹಾಕಲಿ, ನಮ್ಮ ರವೀಶ್ ಬಿ.ಎಸ್ಸಿ. ಮಾಡಿದಾನೆ, ಪಟ್ಟಿ ಮಾಡ್ತಾನೆ ಅಂತ.

...ಹೌದು, ಈ ಚೀಟಿ ಎಲ್ಲ ನನ್ನ ಅಕ್ಷರವೇ. ಅದೇ ಪದ್ಧತಿ. ನಲವತ್ತು ಮನೆಯ ಸಭೆ ನಮ್ಮದು, ಎಲ್ಲರ ಕೈಬರಹ ಎಲ್ಲರಿಗೂ ಗೊತ್ತು. ಅದಕ್ಕೆ ಡಬ್ಬಿ ತೆಗೆಯೋನು ಎಲ್ಲಾ ಚೀಟಿನೂ ತನ್ನ ಕೈಯಲ್ಲಿ ಕಾಪಿ ಮಾಡಿ, ಮೂಲ ಚೀಟಿ ಸುಟ್ಟುಬಿಡಬೇಕು. ಸುಟ್ಟೆ. ಒಂಬತ್ತು ಚೀಟಿ, ಒಂಬತ್ತೂ ನನ್ನ ಅಕ್ಷರ. ಯಾರದು ಯಾವುದು ಅಂತ ಇನ್ನು ದೇವರಿಗೇ ಗೊತ್ತು. ...ನಂಗೂ ಸ್ವಲ್ಪ ಗೊತ್ತು, ಸರಿ. ಹೇಳಲ್ಲ.

...ನಾನಾ? ನಾನು ಬರೆದಿಲ್ಲ. ಲ್ಯಾಬಲ್ಲಿ ಕಡಬ ಕೆರೆ ನೀರು ಟೆಸ್ಟ್ ಮಾಡಿದ್ರೆ ಉಪ್ಪೆಷ್ಟು, ಸುಣ್ಣ ಎಷ್ಟು ಅಂತ ಬರೀತೀನಿ. ಕೆರೆ ಬಗ್ಗೆ ನನ್ನ ಅಭಿಪ್ರಾಯ ಯಾರೂ ಕೇಳಲ್ಲ. ಇದೂ ಹಾಗೇ.

ಓದ್ಲಾ? ನಾಳೆಗೆ ಅಭ್ಯಾಸನೂ ಆಗುತ್ತೆ. ಒಂದನೇ ಚೀಟಿ. "ಎರಡೂ ಚೆನ್ನಾಗಿವೆ. ಅಕ್ಷರ ಸಣ್ಣದಾಯಿತು." ...ಇವರು ಯಾವ ಪುಸ್ತಕಕ್ಕೂ ಇದನ್ನೇ ಬರೆಯೋದು. ಹೋದ ವರ್ಷ ದೊಡ್ಡಕ್ಷರದ ಕೀರ್ತನೆ ಪುಸ್ತಕ ತರಿಸಿದ್ವಿ, ಆಗಲೂ ಇದೇ.

ಎರಡನೇದು. "ಇಂಥ ಪುಸ್ತಕ ಬೀರುವಿನಲ್ಲಿ ಇಟ್ಟರೆ ಇಲ್ಲದವರಿಗೂ ಬರುತ್ತದೆ." ತಲೆ ಆಡಿಸಬೇಡ ಅಕ್ಕ. ಸೊಳ್ಳೆ ಬಗ್ಗೆ ಪುಸ್ತಕ ಇಟ್ರೆ ಡೆಂಗಿ ಬರುತ್ತಾ? ...ಅಲ್ಲ, ಇದನ್ನ ಕಾಯಿಲೆ ಅಂತ ನಾನು ಅನ್ನಲಿಲ್ಲ. ಹೋಲಿಕೆ ಕೊಟ್ಟೆ ಅಷ್ಟೆ. ಕೆಟ್ಟ ಹೋಲಿಕೆ, ಬಿಡು.

ಮೂರನೇದು. "ನೀಲಿ ಪುಸ್ತಕದಲ್ಲಿ ಇರುವುದು ನೂರಕ್ಕೆ ನೂರು ಸತ್ಯ. ಕಾಲ ಬದಲಾಗಬಹುದು, ದೇವರ ವಾಕ್ಯ ಬದಲಾಗುವುದಿಲ್ಲ." ಇದು ನೀಲಿ ಕಾಲಮ್ಮಿಗೆ.

ನಾಲ್ಕು. "ನೀಲಿ ಪುಸ್ತಕ ಬರೆದವರಿಗೆ ಮಕ್ಕಳಿಲ್ಲ ಅಂತ ಕಾಣುತ್ತದೆ." ...ನೋಡು, ನೀನೂ ನಕ್ಕೆ. ನಾಳೆ ಸಭೆಯಲ್ಲಿ ಯಾರಾದ್ರೂ ನಕ್ಕರೆ ನಾನೇನು ಮಾಡಲಿ? ಬರೆದೋರು ಮೂರು ಮಕ್ಕಳ ತಾಯಿ... ಅಂತ ನಾನು ಹೇಳಲಿಲ್ಲ.

ಐದನೇದು. "ಕಂದು ಪುಸ್ತಕ ಪ್ರೀತಿ ಪ್ರೀತಿ ಎನ್ನುತ್ತದೆ, ಪಾಪ ಎಂಬ ಮಾತನ್ನೇ ಎತ್ತುವುದಿಲ್ಲ. ಡಾಕ್ಟರು ಕಾಯಿಲೆಯ ಹೆಸರು ಹೇಳದೆ ಮಾತ್ರೆ ಕೊಟ್ಟ ಹಾಗಿದೆ. ಆದರೂ ಇರಲಿ. ನನ್ನ ತಮ್ಮನ ಕಾಲದಲ್ಲಿ ಇದೂ ಇರಲಿಲ್ಲ." ...ಹೂಂ. ಇವರ ತಮ್ಮ ಮನೆ ಬಿಟ್ಟು ಹೋಗಿ ಇಪ್ಪತ್ತು ವರ್ಷ ಆಯ್ತು. ಇದನ್ನ ಯಾವ ಕಾಲಮ್ಮಿಗೆ ಹಾಕೋದು ಅಂತ ಎರಡು ದಿನ ಯೋಚಿಸಿದೆ. ಇನ್ನೂ ಹಾಕಿಲ್ಲ.

ಅಮ್ಮ ಬಂದ್ಲಾ? ಗೇಟು ಸದ್ದಾಯ್ತು... ಇಲ್ಲ, ಪಕ್ಕದ ಮನೆಯೋರು.

ಆರನೇದು, ಅದೇ, "ನೀಲಿ ಪುಸ್ತಕ, ಪುಟ ಅರವತ್ತೊಂದು: ಮದುವೆ ಮಾಡಿದರೆ ಹುಡುಗ ಸರಿಹೋಗುತ್ತಾನೆ. ಸರಿಹೋಗದಿದ್ದರೆ ಏನು ಮಾಡಬೇಕು ಎಂದು ಪುಟ ಅರವತ್ತೆರಡರಲ್ಲಿ ಇಲ್ಲ. ಆ ಹುಡುಗಿಯ ಬಗ್ಗೆ ಯಾವ ಪುಟದಲ್ಲೂ ಇಲ್ಲ." ಇದನ್ನ 'ಇತರೆ'ಗೆ ಹಾಕಿದೀನಿ. ...ಯಾರು ಬರೆದದ್ದೋ ಗೊತ್ತಿಲ್ಲ. ಯಾರೋ ಹೆಂಗಸಿರಬೇಕು, ಹುಡುಗಿ ಬಗ್ಗೆ ಕೇಳಿದಾರಲ್ಲ.

ಏಳನೇದು... ಯಾಕೆ, ಕೈ ನಿಂತುಹೋಯ್ತು?

...ಏನಕ್ಕ? ಏನದು ನಿನ್ನ ಕೈಲಿ? ...ಚೀಟಿ. ನಂದೇ. ಕೊಡಿಲ್ಲಿ. ಕೆಳಗೆ ಬಿದ್ದಿತ್ತಾ? ಎಷ್ಟನೇದು ಅದು... ಆರು.

ಯಾವಾಗ ಬಿತ್ತು? ...ನಾನು ನಾಲ್ಕನೇದು ಓದೋವಾಗಲೇ.

ಓ.

...ಅದರಲ್ಲೇನಿದೆ. ನಾನೇ ಕಾಪಿ ಮಾಡಿದ್ದಲ್ವಾ, ಬಾಯಿಗೆ ಬಂದಿರುತ್ತೆ. ಒಂಬತ್ತೂ ಬಂದಿದೆ. ...ಮೂರನೇದನ್ನ ಯಾಕೆ ಬೋರಲು ಹಾಕ್ತಿದೀಯ? ನೋಡದೆ ಹೇಳಬೇಕಾ? ಸುಲಭ. ನೀಲಿ ಪುಸ್ತಕ... ನೂರಕ್ಕೆ ನೂರು... ಆಮೇಲೆ ದೇವರು... ಈಗ ತಾನೇ ಓದಿದ್ನಲ್ಲಕ್ಕ.

ಪುಟದ ನಂಬರು ಹಾಕಿ ಬರೆಯೋ ಅಭ್ಯಾಸ ತುಂಬ ಜನಕ್ಕೆ ಇರುತ್ತೆ.

...ಇರಲ್ಲ. ಸರಿ.

ಡಬ್ಬಿಯಲ್ಲಿ ಇದ್ದದ್ದು ಎಂಟೇ ಚೀಟಿ. ಒಂಬತ್ತನೇದು ಅಂತ ಕೊನೆಗೆ ಇಟ್ರೆ ಎದ್ದು ಕಾಣುತ್ತೆ ಅಂತ ನಂದನ್ನ ನಡುವೆ ಸೇರಿಸಿದೆ. ಎಲ್ಲ ಒಂದೇ ಅಕ್ಷರ, ಯಾರಿಗೆ ಗೊತ್ತಾಗುತ್ತೆ ಅಂದ್ಕೊಂಡೆ. ಹಾಗೆ ಸೇರಿಸೋದು ತಪ್ಪು. ಲ್ಯಾಬಲ್ಲಿ ಮಾಡಿದ್ರೆ ಕೆಲಸ ಹೋಗುತ್ತೆ.

ಏನಾದ್ರೂ ಅನ್ನು. ಬೈಯಬೇಕು ಅನ್ಸಿದ್ರೆ ಬೈಯಿ. ...ಆ ಕುಣಿಗಲ್ ಹುಡುಗಿ, ಅನುಪಮಾ ಮೇಲೆ ನಂಗೇನೂ ದೂರಿಲ್ಲ. ನೀನು ಕಳಿಸಿದ ಫೋಟೋ ನೋಡಿದೆ. ಒಳ್ಳೆ ಹುಡುಗಿ ಥರ ಇದಾಳೆ. ಅದೇ ತೊಂದರೆ.

ಅಮ್ಮನಿಗೆ ಹೇಳ್ತೀಯಾ? ...ಭಾವನಿಗೆ?

ಅಕ್ಕ, ಹೀಗೆ ಸುಮ್ಮನೆ ನೋಡಬೇಡ. ಬೆಳಿಗ್ಗೆ ಗುಬ್ಬಿಯಿಂದ ಬಂದಾಗಿಂದ ನಾಳೆ ಬಾ, ನಾಳೆ ಬಾ ಅಂತಿದ್ದೆ. ಈಗ ಒಂದೇ ಒಂದ್ಸಲ ಅನ್ನು, ಬರ್ತೀನಿ. ರಿಪೋರ್ಟ್ ಬೇರೆಯೋರು ಓದ್ತಾರೆ. ನಿಜವಾಗಿ ಹೇಳ್ತಿದೀನಿ, ಬಿಳಿ ಶರ್ಟು ಹಾಕ್ಕೊಂಡು ಬರ್ತೀನಿ.

...

ಅನ್ನು ಅಕ್ಕ.

...

ಅನ್ನಲ್ವಾ ಹಾಗಾದ್ರೆ.