ಪ್ರೆರೋ ತೀರದಲ್ಲಿ ನಕ್ಕವರು

...ಅಲ್ಲ ಕಣೇ ಲಿಂಡೆ, ಯಾಕೆ ನಗ್ತಿದೀಯ? ನನ್ನ ಹೊಟ್ಟೆ ನೋಡಿಯಾ? ನಗು, ನಗು. ಮೂರು ಹೆತ್ತ ಹೊಟ್ಟೆ, ಎಪ್ಪತ್ತೆರಡು ವರ್ಷ ಆಲೂಗಡ್ಡೆ ತಿಂದ ಹೊಟ್ಟೆ, ಇನ್ನು ಹೇಗಿರುತ್ತೆ? ಈ ಪ್ರೆರೋ ತೀರದಲ್ಲಿ ಅದನ್ನ ಯಾರೂ ಒಳಗೆಳ್ಕೊಳ್ಳಲ್ಲ. ಅಲ್ಲಿ ನೋಡು, ನಮ್ಮ ಅಂಚೆಯವನು ಹಾರ್ಟ್‌ವಿಗ್. ಒಂದು ಕಾಲಿಲ್ಲ, ತಲೆ ಮೇಲಿನ ಟೋಪಿ ಬಿಟ್ರೆ ಮೈಮೇಲೆ ಒಂದೆಳೆ ನೂಲಿಲ್ಲ. ಊರುಗೋಲು ಮರಳಲ್ಲಿ ನೆಟ್ಟು ಆರಾಮಾಗಿ ಪೇಪರ್ ಓದ್ತಿದಾನೆ. ಯಾರಾದ್ರೂ ತಿರುಗಿ ನೋಡಿದ್ರಾ? ನೋಡ್ತಿರೋದು ನಿನ್ನನ್ನ! ಜುಲೈ ಬಿಸಿಲಲ್ಲಿ ಕತ್ತಿನವರೆಗೂ ಗುಂಡಿ ಹಾಕಿದ ಕೋಟು... ಇಲ್ಲಿ ಬಟ್ಟೆ ತೊಟ್ಟೋರೇ ವಿಚಿತ್ರ.

ಕಾಫಿ ಕುಡಿ, ಆರೋಗುತ್ತೆ. ನೀನಾಗೇ ಫೋನ್ ಮಾಡಿ ಬರ್ತೀನಿ ಅಂದಾಗ ನಂಬೋಕೇ ಆಗ್ಲಿಲ್ಲ ನನಗೆ.

ನನಗೂ ನಾಚಿಕೆ ಇರ್ಲಿಲ್ವಾ? ನಮ್ಮಮ್ಮ ನನ್ನ ಏನಂತಿದ್ಲು, ನೆನಪಿದೆಯಾ? ಹಂದಿ ತೊಡೆ. ಎಲ್ಲರೆದುರು. ಮದುವೆಯಾದ ಮೇಲೂ ದೀಪ ಆರಿಸದೆ ಬಟ್ಟೆ ಬಿಚ್ಚಿದವಳಲ್ಲ ನಾನು. ಇಲ್ಲಿಗೆ ಬಂದ್ರೂ ಟವೆಲ್ ಸುತ್ಕೊಂಡೇ ಕೂರ್ತಿದ್ದೆ. ಒಂದು ದಿನ, ಒಂದೇ ದಿನ ಕಣೇ, ಇದ್ದಕ್ಕಿದ್ದ ಹಾಗೆ ಅನ್ನಿಸ್ತು: ನನ್ನ ಮೈಗೇನಾಗಿದೆ, ಚೆನ್ನಾಗೇ ಇದೆಯಲ್ಲ! ಟವೆಲ್ ಬಿಸಾಕಿ ನೀರಿಗೆ ಓಡಿದೆ. ಅವತ್ತಿಂದ ತಲೆ ತಗ್ಗಿಸಿಲ್ಲ. ಸೊಂಟದ ಆಪರೇಷನ್ ಆದಾಗ್ಲೂ ಹೊಲಿಗೆ ಗುರುತಿನ ಸಮೇತ ಬಂದೆ.

ಯಾವ ದಿನ? ಯಾವುದೋ ಒಂದು ದಿನ. ಆಗಸ್ಟ್ ಇರಬೇಕು. ಯಾರಿಗೆ ನೆನಪು...

ಹೌದು, ನೀನೂ ಬಂದಿದ್ದೆ ಒಂದ್ಸಲ. ನಾನೇ ಕೈ ಹಿಡಿದು ಎಳ್ಕೊಂಡು ಬಂದಿದ್ದೆ. ಚಿಕ್ಕವಳಿದ್ದಾಗ ಬಟ್ಟೆ ಕುದಿಸೋ ಹಂಡೆ ಉರುಳಿ ಸುಟ್ಟ ಬೆನ್ನು ನಿಂದು. ಇಲ್ಲಿ ಯಾರೂ ನೋಡಲ್ಲ, ಯಾರೂ ಏನೂ ಅನ್ನಲ್ಲ, ಅಂತ ನಾನೇ ಆಣೆ ಮಾಡಿದ್ದೆ. ಇದೇ ಥರ ಗಾಳಿಗೆ ಬಟ್ಟೆ ಅಡ್ಡ ಕಟ್ಟಿದ್ವಿ. ಅದರ ಮರೆಯಲ್ಲಿ ಬಿಚ್ಚಿಟ್ಟು ನೀನು ನೀರಿನ ಕಡೆ ಹೊರಟೆ. ಹತ್ತು ಹೆಜ್ಜೆ. ಹಿಂದಿನಿಂದ ಯಾರೋ ನಕ್ಕರು. ನೀನು ವಾಪಸ್ ಬಂದು, ಬಟ್ಟೆ ಹಾಕ್ಕೊಂಡು ಬಸ್ ಹತ್ತಿದೆ. ನಲವತ್ತಾರು ವರ್ಷ ಆಯ್ತು. ಕಟ್ಕೊಂಡ ಗಂಡನಿಗೂ ಬೆನ್ನು ತೋರಿಸ್ಲಿಲ್ವಂತೆ ನೀನು...

ಪಕ್ಕದ ಟೆಂಟಿನವಳು, ಆ ಡ್ರೆಸ್ಡೆನ್‌ನವಳು, ಅವಳೇ ನಕ್ಕಿದ್ದು. ಅವತ್ತೇ ಹೇಳಿದ್ನಲ್ಲ.

ಯಾಕೆ ಹಾಗೆ ನೋಡ್ತೀಯ? ಹೇಳಿದ್ನಲ್ಲ...

ಈ ಅಡ್ಡ ಕಟ್ಟಿದ ಬಟ್ಟೆ ಗಾಳಿಗೆ ಪಟಪಟ ಅನ್ನುತ್ತಲ್ಲ, ಪ್ರತಿ ಬೇಸಿಗೆ ಅದರೊಳಗೆ ಆ ನಗು ಕೇಳ್ಸುತ್ತೆ ನನಗೆ. ಕಿವಿ ಮುಚ್ಕೊಂಡ್ರೂ ಕೇಳ್ಸುತ್ತೆ. ನೀನು... ಹದಿನಾರು ವರ್ಷ ನನ್ನ ಪಕ್ಕ ಒಂದೇ ಹಾಸಿಗೆಯಲ್ಲಿ ಮಲಗಿದವಳು. ನಿನಗೆ ನನ್ನ ನಗು ಗೊತ್ತಾಗಲ್ವಾ.

ಗೊತ್ತಿತ್ತು. ಅವತ್ತೇ ಗೊತ್ತಿತ್ತು ನಿನಗೆ.

ನಾನು ನಿನ್ನನ್ನ ಆಡ್ಕೊಂಡು ನಗ್ಲಿಲ್ಲ, ಲಿಂಡೆ. ಆ ಬಿಸಿಲಲ್ಲಿ ನಿನ್ನ ಬೆನ್ನು ಕಂಡಾಗ... ನನ್ನ ತೊಡೆ ಎಷ್ಟೋ ವಾಸಿ ಅನ್ನಿಸಿಬಿಡ್ತು. ಆ ಸಮಾಧಾನಕ್ಕೆ ಬಂದ ನಗು. ನಿನ್ನ ಬಸ್ಸು ಹೋದ ಮೇಲೇ ನಾನು ನೀರಿಗೆ ಓಡಿದ್ದು. ಅದೇ ದಿನ.

ಏನೇ ಮಾಡ್ತಿದೀಯ? ಕೋಟು ಯಾಕೆ... ಬೇಡ. ನನಗೋಸ್ಕರ ಬೇಡ. ...ನಿಧಾನ, ಆ ಗುಂಡಿ ಸಿಕ್ಕೊಂಡಿದೆ.

ಹೋಗು. ನೀರು ಮೊದಲು ತಣ್ಣಗೆ ಅನ್ಸುತ್ತೆ, ಆಮೇಲೆ ಹಿತವಾಗಿರುತ್ತೆ. ಇಲ್ಲ, ನಾನು ಬರಲ್ಲ. ಆ ಟವೆಲ್ ಇತ್ತ ಕೊಟ್ಟು ಹೋಗು. ಚಳಿಗಲ್ಲ ಕಣೇ... ಸುಮ್ನೆ, ಹೊದ್ಕೊಂಡು ಕೂತಿರ್ತೀನಿ.